ಓಣಿಯಿಂದ ಮನೆಯ ತನಕ: ಬಾಸ್ಕೊ ನಡೆದ ದಾರಿ

ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಕ್ರಿಸ್ತು ಜ್ಯೋತಿ ಎಂಬ ಕಾಲೇಜಿದೆ. ಸಲೇಸಿಯನ್ ಸಭೆಯ ಪಾದ್ರಿಗಳಾಗುವವರು ದೇವಶಾಸ್ತ್ರ ಓದುವ ಜಾಗ ಅದು. 1980ರಲ್ಲಿ ಅಲ್ಲಿನ ಕೆಲವು ವಿದ್ಯಾರ್ಥಿಗಳು ಬಿಡುವು ಸಿಕ್ಕಾಗಲೆಲ್ಲ ಪೇಟೆಯ ಕಡೆ ಹೊರಡತೊಡಗಿದರು. ಚಿಂದಿ ಆಯುವ ಹುಡುಗರು, ನಿಲ್ದಾಣದಲ್ಲಿ ಮಲಗುವ ಹುಡುಗರು, ಹೋಟೆಲ್ಲಿನಲ್ಲಿ ಲೋಟ ತೊಳೆದು ರಾತ್ರಿ ಫುಟ್‌ಪಾತಿಗೆ ಬರುವ ಹುಡುಗರು ಇರುವಲ್ಲಿಗೇ ಹೋಗಿ ಮಾತನಾಡಿಸುವುದು, ಗುರುತು ಹಿಡಿಯುವುದು, ಮತ್ತೆ ಹೋಗುವುದು. ಕೆಲಸ ಅಷ್ಟೇ ಇತ್ತು. ಆ ಓಡಾಟವೇ ಗಟ್ಟಿಯಾಗಿ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂಬ ಸಂಸ್ಥೆಯಾಯಿತು. ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ ‘ಬಾಸ್ಕೊ’ ಆಗುತ್ತದೆ. ಸಲೇಸಿಯನ್ ಸಭೆಯನ್ನು ಕಟ್ಟಿದ ಇಟಲಿಯ ಪಾದ್ರಿ ಡಾನ್ ಬಾಸ್ಕೊ ಅವರ ಹೆಸರೂ ಅದರೊಳಗೆ ಕುಳಿತಿದೆ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳದಂಥ ಊರಿನಲ್ಲಿ ಕುಳಿತು ಬೆಂಗಳೂರಿನ ಸಂಸ್ಥೆಯೊಂದರ ಸ್ಮರಣ ಸಂಚಿಕೆಗೆ ಬರೆಯುವುದಕ್ಕೆ ಏನು ಹಕ್ಕಿದೆ ಎಂದು ಯಾರಾದರೂ ಕೇಳಬಹುದು. ಹಕ್ಕು ರೈಲಿನದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸಿನ ಹಳಿಯನ್ನು ಕೂಡಿಕೊಂಡಾಗಿನಿಂದ ಯಾದಗಿರಿ ನಿಲ್ದಾಣವು ಮುಂಬೈಗೂ ದಕ್ಷಿಣಕ್ಕೂ ನಡುದಾರಿಯಾಗಿದೆ. ಸುರಪುರ ತಾಲ್ಲೂಕಿನ ಊರುಗಳಿಗೆ ಹತ್ತಿರ ರೈಲಿಲ್ಲ. ಆದರೂ ಸಿಟ್ಟು ಬಂದ ಹುಡುಗ ಟಂಟಂ ಹತ್ತಿ, ಬಸ್ಸು ಹಿಡಿದು ಯಾದಗಿರಿಗೋ ರಾಯಚೂರಿಗೋ ಮುಟ್ಟಿದರೆ ಸಾಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಟಿಕೇಟು ಕೇಳುವವರು ಬರುವುದರೊಳಗೆ ಒಂದು ನಿದ್ದೆಯಾಗಿರುತ್ತದೆ. ಕಣ್ಣು ಬಿಟ್ಟರೆ ಬೆಂಗಳೂರು.

ಹುಡುಗರು ಯಾಕೆ ಓಡುತ್ತಾರೆ ಎಂದು ಊರಿನ ಕಟ್ಟೆಯ ಮೇಲೆ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಸೊಕ್ಕು ಬಂದೈತ್ರಿ, ಮೊಬೈಲ್ ಕೆಡಿಸೈತಿ.’ ಮೊಬೈಲ್ ಬರುವುದಕ್ಕೆ ಮೊದಲು ಇದೇ ಉತ್ತರದಲ್ಲಿ ಸಿನಿಮಾ ಇತ್ತು, ಅದಕ್ಕೂ ಮೊದಲು ನಾಟಕದ ಕಂಪನಿ ಇತ್ತು. ಬರೆದುಕೊಂಡರೆ ಕಾರಣಗಳು ಬೇರೆಯವೇ ಸಿಗುತ್ತವೆ. ಕುಡಿದು ಬಂದ ತಂದೆಯ ಏಟು, ಎಸ್ಸೆಸ್ಸೆಲ್ಸಿ ಫಲಿತಾಂಶ, ಮಲತಾಯಿ ಅಥವಾ ಮಲತಂದೆ, ಸಾಲಕ್ಕೆ ದುಡಿಯಲು ಬಿಟ್ಟ ಮನೆ, ಹತ್ತಿ ಬಿಡಿಸುವ ತಿಂಗಳಲ್ಲಿ ತಪ್ಪಿಹೋದ ಶಾಲೆಗೆ ಮತ್ತೆ ಹೋಗಲು ನಾಚಿಕೆ. ಎಲ್ಲಕ್ಕಿಂತ ಹೆಚ್ಚಾಗಿ ಗುಳೆ. ಅಪ್ಪ ಅವ್ವ ಇಬ್ಬರೂ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗಿ, ಹುಡುಗ ಆಯಿಯ ಜೊತೆ ಉಳಿದಿದ್ದರೆ ಅವನನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83 ಇತ್ತು, ರಾಜ್ಯದಲ್ಲಿಯೇ ಕಡೆಯ ಸ್ಥಾನ. ಆಗ ಜಿಲ್ಲೆ ಹುಟ್ಟಿ ಎರಡು ವರ್ಷವೂ ತುಂಬಿರಲಿಲ್ಲ. ಶಾಲೆ ಬಿಟ್ಟ ಹುಡುಗನಿಗೂ ಊರು ಬಿಟ್ಟ ಹುಡುಗನಿಗೂ ನಡುವೆ ಇರುವ ದೂರ ಬಹಳ ಸಣ್ಣದು ಎಂಬುದನ್ನು ನಮ್ಮ ಕಡೆಯ ಯಾವ ಮಾಸ್ತರರೂ ಹೇಳಿಯಾರು.

ಮೆಜೆಸ್ಟಿಕ್ಕಿನಲ್ಲಿ ಇಳಿದ ಹುಡುಗನ ಮೊದಲ ಕೆಲವು ಗಂಟೆಗಳ ಮೇಲೆ ಬಾಸ್ಕೊದ ಇಡೀ ಕೆಲಸ ನಿಂತಿದೆ. ಈಗ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ಆ ನಿಲ್ದಾಣದಲ್ಲಿ ಒಬ್ಬಂಟಿ ಹುಡುಗನನ್ನು ಹುಡುಕುವವರು ಪಾದ್ರಿಗಳು ಮಾತ್ರವೇ ಅಲ್ಲ. ಕೆಲಸ ಕೊಡಿಸುತ್ತೇನೆ ಎನ್ನುವ ದಲ್ಲಾಳಿ ಇರುತ್ತಾನೆ, ಹೋಟೆಲ್ಲಿಗೆ ಹುಡುಗರು ಬೇಕಾದವನು ಇರುತ್ತಾನೆ, ತನಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗ ಇರುತ್ತಾನೆ. ಈ ಮೂರನೆಯವನು ಊಟದ ಜಾಗ ತೋರಿಸುತ್ತಾನೆ, ಮಲಗುವ ಜಾಗ ತೋರಿಸುತ್ತಾನೆ, ಆಮೇಲೆ ಬಟ್ಟೆಯ ತುಂಡಿಗೆ ಸುರಿದ ಸೊಲ್ಯೂಷನ್ ಮೂಸುವುದನ್ನೂ ಕಲಿಸುತ್ತಾನೆ. ಅದು ಹಸಿವನ್ನೂ ಚಳಿಯನ್ನೂ ಮರೆಸುತ್ತದೆ, ಮಿದುಳನ್ನೂ ತಿನ್ನುತ್ತದೆ. ಒಮ್ಮೆ ಗುಂಪು ಸಿಕ್ಕಿ, ಕೈಗೆ ನಾಲ್ಕು ಕಾಸು ಸಿಕ್ಕಿತೆಂದರೆ ಅವನನ್ನು ಮನೆಯ ಮಾತಿಗೆ ತರುವುದು ಕಷ್ಟ. ಆದ್ದರಿಂದಲೇ ಬಾಸ್ಕೊದವರು ಕಚೇರಿಯಲ್ಲಿ ಕಾಯುತ್ತ ಕೂರದೆ ನಿಲ್ದಾಣದಲ್ಲಿಯೇ ನಿಂತರು. ಬೀದಿಯ ಪರಿಚಯ, ಹಗಲು ಬಂದು ಸ್ನಾನ ಮಾಡಿ ಹೋಗುವ ತಾಣ, ರಾತ್ರಿಯ ಆಸರೆ, ಚಾಮರಾಜಪೇಟೆಯ ‘ಬಾಸ್ಕೊ ಮನೆ’ಯಂಥ ವಸತಿ, ಶಾಲೆ ಅಥವಾ ಕಸುಬಿನ ತರಬೇತಿ, ಕೊನೆಗೆ ಊರು. ಈ ಮೆಟ್ಟಿಲುಗಳು ಒಂದೇ ಸಲ ಕಟ್ಟಿದವಲ್ಲ. ಹುಡುಗರು ಎಲ್ಲಿ ಜಾರುತ್ತಿದ್ದರೋ ಅಲ್ಲಿ ಒಂದೊಂದು ಸೇರಿಕೊಂಡಿತು.

ಇದರ ಮೂಲ ತಿಳಿಯಲು ಟುರಿನ್ ನಗರಕ್ಕೆ ಹೋಗಬೇಕು. ಜಾನ್ ಬಾಸ್ಕೊ ಹುಟ್ಟಿದ್ದು 1815ರಲ್ಲಿ, ಬೆಕ್ಕಿ ಎಂಬ ಹಳ್ಳಿಯ ರೈತರ ಮನೆಯಲ್ಲಿ. ಎರಡು ತುಂಬುವುದರೊಳಗೆ ತಂದೆ ತೀರಿಕೊಂಡರು. 1841ರಲ್ಲಿ ಪಾದ್ರಿಯಾಗಿ ಟುರಿನ್ನಿಗೆ ಬಂದಾಗ ಆ ಊರು ನಮ್ಮ ಇಂದಿನ ಬೆಂಗಳೂರಿನ ಹಾಗೆಯೇ ಇತ್ತು: ಎಲ್ಲೆಲ್ಲೂ ಕಟ್ಟಡ ಏಳುತ್ತಿತ್ತು, ಗಾರೆ ಕೆಲಸಕ್ಕೆಂದು ಬೆಟ್ಟದ ಹಳ್ಳಿಗಳಿಂದ ಸಣ್ಣ ಸಣ್ಣ ಹುಡುಗರು ಬಂದು ತುಂಬಿದ್ದರು. ಗುರು ಕಫಾಸೊ ಅವರ ಜೊತೆ ಜೈಲುಗಳಿಗೆ ಹೋದಾಗ ಕಂಡದ್ದು ಅದೇ ಹುಡುಗರನ್ನು. ಬಿಡುಗಡೆಯಾಗಿ ಹೊರಗೆ ಹೋದವರು ಮತ್ತೆ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಹೊರಗೆ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ಡಿ ಎಂಬುವರ ಒಂದು ತಗ್ಗು ಸೂರಿನ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ಭಾನುವಾರದ ಆಟ, ಪಾಠ, ಪ್ರಾರ್ಥನೆ ಶುರು ಮಾಡಿದರು.

ವಸತಿ ಕೊಡುವ ಮೊದಲ ಪ್ರಯತ್ನ ಕೆಟ್ಟುಹೋಯಿತು. ಹುಲ್ಲಿನ ಅಟ್ಟದ ಮೇಲೆ ಮಲಗಲು ಬಿಟ್ಟ ಹುಡುಗರು ಬೆಳಗಾಗುವುದರೊಳಗೆ ಹೊದಿಕೆ ಸಮೇತ ಪರಾರಿಯಾಗಿದ್ದರು. ಇಂಥ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಈ ಕಥೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕು ಎಂದು ನನಗೆ ಅನಿಸುತ್ತದೆ. ನಗುವ ಸಂತರ ಬಣ್ಣದ ಪಟಕ್ಕಿಂತ ಅದರಿಂದ ಕಲಿಯುವುದು ಹೆಚ್ಚು. 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ ಮತ್ತೊಬ್ಬ ಅನಾಥ ಹುಡುಗ ಬಾಗಿಲಿಗೆ ಬಂದು ನಿಂತ. ಆ ಹೊತ್ತಿಗೆ ಮನೆಯಲ್ಲಿ ಒಬ್ಬ ತಾಯಿ ಇದ್ದಳು. ಡಾನ್ ಬಾಸ್ಕೊ ಅವರ ಅವ್ವ ಮಾರ್ಗರಿಟಾ ಹಿಂದಿನ ನವೆಂಬರಿನಲ್ಲಿ ಹಳ್ಳಿ ಬಿಟ್ಟು ಮಗನ ಜೊತೆ ಇರಲು ಬಂದಿದ್ದರು. ಆ ಹುಡುಗನಿಗೆ ಅಡುಗೆಮನೆಯಲ್ಲೇ ಹಾಸಿಗೆ ಹಾಸಿ, ಮಲಗುವ ಮುನ್ನ ಎರಡು ಒಳ್ಳೆಯ ಮಾತು ಹೇಳಿದವರು ಅವರು. ಸಲೇಸಿಯನ್ ವಸತಿಗಳಲ್ಲಿ ಇಂದಿಗೂ ರಾತ್ರಿ ಮಲಗುವ ಮೊದಲು ಎಲ್ಲರನ್ನೂ ಕೂಡಿಸಿ ಎರಡು ನಿಮಿಷ ಮಾತಾಡುವ ಪದ್ಧತಿ ಅಲ್ಲಿಂದ ಬಂತು ಎನ್ನುತ್ತಾರೆ. ಮಾರ್ಗರಿಟಾ ಹತ್ತು ವರ್ಷ ಆ ಹುಡುಗರ ಅಂಗಿ ಹೊಲಿದರು. ಒಮ್ಮೆ ಹುಡುಗರು ಯುದ್ಧದ ಆಟ ಆಡಿ ಅವರ ಕಾಯಿಪಲ್ಲೆಯ ಮಡಿಯನ್ನೆಲ್ಲ ತುಳಿದು ಹಾಕಿದಾಗ, ‘ನಾ ಊರಿಗಿ ಹೋಗ್ತೀನಿ’ ಎಂದು ಗಂಟು ಕಟ್ಟುವ ಮಟ್ಟಕ್ಕೂ ಬಂದಿದ್ದರಂತೆ. 1856ರಲ್ಲಿ ಅಲ್ಲೇ ತೀರಿಕೊಂಡರು.

ಟುರಿನ್ನಿನ ಒಂದು ಕಾಗದವೂ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1852ರ ಫೆಬ್ರವರಿಯಲ್ಲಿ ಜುಸೆಪ್ಪೆ ಒಡಾಸ್ಸೊ ಎಂಬ ಹುಡುಗನನ್ನು ಬಡಿಗನೊಬ್ಬನ ಬಳಿ ಕಸುಬಿಗೆ ಬಿಡುವಾಗ ಮಾಡಿಕೊಂಡ ಕರಾರು ಪತ್ರ. ಒಡೆಯ ಹುಡುಗನಿಗೆ ಬಡಗಿತನ ಬಿಟ್ಟು ಮನೆಗೆಲಸ ಹೇಳಬಾರದು, ತಪ್ಪಿದರೆ ಮಾತಿನಲ್ಲಿ ತಿದ್ದಬೇಕು, ಕೈ ಎತ್ತಬಾರದು, ಹಬ್ಬದ ದಿನ ರಜೆ ಕೊಡಬೇಕು. ಕೆಳಗೆ ಒಡೆಯನ ಸಹಿ ಇದೆ, ಹುಡುಗನ ಸಹಿ ಇದೆ, ಡಾನ್ ಬಾಸ್ಕೊ ಅವರ ಸಹಿ ಇದೆ, ಅವುಗಳ ಜೊತೆ ಹುಡುಗನ ತಂದೆ ವಿನ್ಸೆಂಜೊನ ಜವಾಬ್ದಾರಿಯೂ ಬರೆದಿದೆ. ಅಪ್ಪನನ್ನು ಬಿಟ್ಟು ಮಗನ ಬಾಳಿನ ಕಾಗದ ಮಾಡಿಲ್ಲ. ನಮ್ಮಲ್ಲಿ ಇಟ್ಟಿಗೆ ಭಟ್ಟಿಗೆ, ಕುರಿ ಕಾಯಲಿಕ್ಕೆ, ಮುಂಗಡ ಪಡೆದು ಮಕ್ಕಳನ್ನು ಬಿಡುವಾಗಲೂ ಅಪ್ಪನ ಹೆಬ್ಬೆಟ್ಟು ಬೀಳುತ್ತಿತ್ತು. ಆ ಕಾಗದದಲ್ಲಿ ಹುಡುಗನ ಪರವಾಗಿ ಒಂದು ಸಾಲೂ ಇರುತ್ತಿರಲಿಲ್ಲ.

1859ರ ಡಿಸೆಂಬರಿನಲ್ಲಿ ಡಾನ್ ಬಾಸ್ಕೊ ಸಲೇಸಿಯನ್ ಸಭೆ ಕಟ್ಟಿದರು. 1877ರಲ್ಲಿ ತಮ್ಮ ಪದ್ಧತಿಯನ್ನು ಒಂದು ಪುಟ್ಟ ಬರಹವಾಗಿ ಬರೆದಿಟ್ಟರು. ಹುಡುಗ ತಪ್ಪು ಮಾಡಿದ ಮೇಲೆ ಹಿಡಿದು ಬಡಿಯುವುದು ಒಂದು ದಾರಿ. ತಪ್ಪು ಮಾಡುವ ಸಂದರ್ಭವೇ ಬರದಂತೆ ದೊಡ್ಡವನೊಬ್ಬ ಸದಾ ಅವರ ನಡುವೆ ಇರುವುದು ಇನ್ನೊಂದು ದಾರಿ. ಅವರು ಎರಡನೆಯದನ್ನು ಹಿಡಿದರು. ಅದಕ್ಕೆ ಮೂರು ಕಂಬ: ವಿವೇಚನೆ, ಧರ್ಮ, ಅಕ್ಕರೆ. ನಿಯಮ ಯಾಕಿದೆ ಎಂದು ಹುಡುಗನಿಗೆ ತಿಳಿಸಿ ಹೇಳಬೇಕು. ನೀನು ನನಗೆ ಬೇಕಾದವನು ಎಂಬುದು ಅವನಿಗೆ ಗೊತ್ತಾಗುವ ಹಾಗೆ ಇರಬೇಕು. ಜೈಲಿನ ಮುನ್ನೂರು ಹುಡುಗರನ್ನು ಕಾವಲುಗಾರರಿಲ್ಲದೆ ಒಂದು ದಿನ ತಿರುಗಾಡಿಸಿಕೊಂಡು ಬಂದರು, ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ ಎಂಬ 1855ರ ಕಥೆಯನ್ನು ಸಲೇಸಿಯನ್ನರು ಅಭಿಮಾನದಿಂದ ಹೇಳುತ್ತಾರೆ. ಇತಿಹಾಸ ಬರೆಯುವವರು ಅದನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನಿಜವಿರಲಿ ಬಿಡಲಿ, ಹೊದಿಕೆ ಕದ್ದ ಹುಡುಗರ ಕಥೆಯ ಪಕ್ಕದಲ್ಲಿ ಇಟ್ಟು ಓದಿದರೆ ಚೆನ್ನಾಗಿರುತ್ತದೆ. 1888ರಲ್ಲಿ ಡಾನ್ ಬಾಸ್ಕೊ ತೀರಿಕೊಂಡರು. 1906ರಲ್ಲಿ ಅವರ ಸಭೆಯ ಮೊದಲ ತಂಡ ತಂಜಾವೂರಿಗೆ ಬಂತು. ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಪ್ರಾಂತ್ಯ ಬೇರೆಯಾದದ್ದು 1979ರಲ್ಲಿ. ಮರುವರ್ಷವೇ ಆ ವಿದ್ಯಾರ್ಥಿಗಳು ಪೇಟೆಗೆ ಇಳಿದರು.

ಮೂರು ಕಂಬಗಳಲ್ಲಿ ನಡುವಿನದರ ಬಗ್ಗೆ ಮಾತಾಡದೆ ಮುಂದೆ ಹೋಗುವುದು ಸರಿಯಲ್ಲ. ಬಾಸ್ಕೊಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಯಲ್ಲಮ್ಮನ ಹರಕೆಯ ಕಂಕಣ ಕಟ್ಟಿದವನು, ದರ್ಗಾದ ತಾಯತ ಕಟ್ಟಿದವನು, ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಕಳೆದುಹೋದವನು, ಹೀಗೆ ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುವ ಜಾಗ. ಅಂಥ ಕಡೆ ಪಾದ್ರಿಯ ಧರ್ಮ ಎಲ್ಲಿ ಕಾಣಬೇಕು? ಹುಡುಗನ ಕೊರಳಲ್ಲಿ ಅಲ್ಲ, ಪಾದ್ರಿಯ ನಡತೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅಪ್ಪ ಅವ್ವ ಇಲ್ಲದ ಹೊತ್ತಿನಲ್ಲಿ, ಅನ್ನ ಕೊಡುವ ಕೈಯೇ ದೇವರನ್ನೂ ಕೊಡಲು ಹೊರಟರೆ ಹುಡುಗನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಅವನು ಮುಂದೆ ಮನೆಗೆ ಹೋಗಬೇಕಾದವನು, ಮನೆಯ ದೇವರ ಮುಂದೆ ಮತ್ತೆ ನಿಲ್ಲಬೇಕಾದವನು. ಇದನ್ನು ಅರಿತ ಪಾದ್ರಿಗಳು ಪ್ರಾರ್ಥನೆಯನ್ನು ತಮ್ಮ ಶಕ್ತಿಗಾಗಿ ಇಟ್ಟುಕೊಂಡು, ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾರೆ.

ಇದನ್ನು ಅರಿಯದ ಕಡೆ ಏನಾಗುತ್ತದೆ ಎಂಬುದಕ್ಕೆ ಪರದೇಶದ ಉದಾಹರಣೆಗಳಿವೆ. ಅಮೆರಿಕದ ಟೆಕ್ಸಾಸಿನಲ್ಲಿ ಲೆಸ್ಟರ್ ರೊಲೊಫ್ ಎಂಬ ಬೋಧಕ ‘ದಾರಿ ತಪ್ಪಿದ’ ಹುಡುಗ ಹುಡುಗಿಯರಿಗಾಗಿ ಕ್ರೈಸ್ತ ವಸತಿಗಳನ್ನು ನಡೆಸಿದ. ಹುಡುಗಿಯರನ್ನು ಬೆಲ್ಟಿನಿಂದ ಹೊಡೆಯುತ್ತಾರೆ ಎಂಬ ದೂರುಗಳು 1973ರಲ್ಲಿ ಹೊರಬಂದವು. ಸರ್ಕಾರದ ಪರವಾನಗಿ ತೆಗೆದುಕೊಳ್ಳುವುದು ತನ್ನ ಧರ್ಮಕ್ಕೆ ವಿರುದ್ಧ ಎಂದು ಆತ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದ. 1979ರಲ್ಲಿ ಅಧಿಕಾರಿಗಳು ಒಳಗೆ ಬಾರದಂತೆ ಭಕ್ತರು ಕೈಕೈ ಹಿಡಿದು ಅಡ್ಡ ನಿಂತರು. ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಸಭೆಗಳು ನಡೆಸಿದ ಮಕ್ಕಳ ವಸತಿ ಶಾಲೆಗಳ ಕ್ರೌರ್ಯವನ್ನು 2009ರ ರಯಾನ್ ವರದಿ ಸಾವಿರಾರು ಪುಟಗಳಲ್ಲಿ ದಾಖಲಿಸಿತು. ಇಂಥ ಕಡೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಮನೆಯವರು ದೂರ, ಪತ್ರಗಳ ಮೇಲೆ ಕಣ್ಣು, ಗೇಟಿಗೆ ಬೀಗ, ಹೊರಗಿನವರಿಗೆ ಪ್ರವೇಶವಿಲ್ಲ. ಅಮೆರಿಕದ ಸಂಸತ್ತು ಹದಿಹರೆಯದವರ ವಸತಿ ಕೇಂದ್ರಗಳಲ್ಲಿ ನಡೆಯುವ ದೌರ್ಜನ್ಯದ ಬಗ್ಗೆ ಒಂದು ಕಾಯ್ದೆ ಮಾಡಿದ್ದು 2024ರ ಡಿಸೆಂಬರಿನಲ್ಲಿ, ಅದೂ ಅಲ್ಲಿ ಬೆಳೆದು ಪಾಡುಪಟ್ಟವರು ಬಹಿರಂಗವಾಗಿ ಮಾತಾಡಿದ ಮೇಲೆ. ಸ್ಮರಣ ಸಂಚಿಕೆಯಲ್ಲಿ ಇದೆಲ್ಲ ಯಾಕೆ ಎನ್ನಬಹುದು. ಕ್ರೈಸ್ತ ಸಂಸ್ಥೆಯೊಂದನ್ನು ಹೊಗಳುವಾಗ ಅದು ಯಾವ ಹಳ್ಳಕ್ಕೆ ಬೀಳದೆ ನಡೆಯಿತು ಎಂದು ಹೇಳದಿದ್ದರೆ ಹೊಗಳಿಕೆಗೆ ತೂಕವಿರುವುದಿಲ್ಲ.

‘ದಾರಿ ತಪ್ಪಿದವನು’ ಎಂಬ ಮಾತನ್ನು ಯಾರು ಹೇಳುತ್ತಿದ್ದಾರೆ ಎಂದು ನೋಡಬೇಕೆಂಬುದನ್ನು ಸುರಪುರದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಎಳೆಯ ರಾಜಾ ವೆಂಕಟಪ್ಪ ನಾಯಕರ ಪೋಷಕನಾದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಹುಡುಗನ ತಾಯಿ ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಹೊಂದಿಕೆಯಿರಲಿಲ್ಲ. ನಮ್ಮ ಬೋನಾಳದ ಕೆರೆಯನ್ನು ಸರಿಪಡಿಸಿದವನೂ ಅವನೇ. 1853ರಲ್ಲಿ ಸಂಸ್ಥಾನವನ್ನು ತರುಣ ರಾಜನ ಕೈಗೆ ಒಪ್ಪಿಸಿ ಟೇಲರ್ ಹೋದ. 1858ರಲ್ಲಿ ರಾಜಾ ಬ್ರಿಟಿಷರ ವಿರುದ್ಧ ಎದ್ದರು, ಸೆರೆಯಾದರು, ಅದೇ ವರ್ಷ ಗುಂಡಿನಿಂದ ತೀರಿಕೊಂಡರು. ಟೇಲರನ ಆತ್ಮಕಥೆಯಲ್ಲಿ ಅವರು ಕೆಟ್ಟವರ ಸಹವಾಸದಿಂದ ಹಾಳಾದ ಹುಡುಗ. ಸುರಪುರದ ಮನೆಮನೆಯಲ್ಲಿ ಅವರು ವೀರ. ಪೋಷಕ ಬರೆದ ಕೇಸು ಫೈಲನ್ನು ಮಾತ್ರ ಓದಿ ಹುಡುಗನನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಪೋಷಕನ ಫೈಲು ಸಾಲದಿದ್ದರೆ ಮನೆಯವರನ್ನೇ ಕರೆಯಬೇಕು. ಮಾನಸಿಕ ಕಾಯಿಲೆಯಲ್ಲಿ ತಾಯಿ ತಂದೆಯರನ್ನು ಚಿಕಿತ್ಸೆಯ ಒಳಗೆ ತರುವುದು ನಮ್ಮ ದೇಶದಲ್ಲಿ ದುಡ್ಡಿನ ಕೊರತೆಯಿಂದ ಹುಟ್ಟಿದ ಜಾಣತನ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. 1957ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಾಗಾಯಂ ಆವರಣದಲ್ಲಿ ಕೆನಡಾದ ಡಾ. ಫ್ಲಾರೆನ್ಸ್ ನಿಕೋಲ್ಸ್ ಅವರ ಮುಂದಾಳತ್ವದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಶುರುವಾದಾಗ, ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಎಂಬುದು ಅಲ್ಲಿನ ರೀತಿಯಾಯಿತು. ಒಲೆ ಹೊತ್ತಿಸಿಕೊಂಡು, ಪಕ್ಕದ ಕೋಣೆಯ ಕುಟುಂಬದ ಜೊತೆ ಸುಖದುಃಖ ಹೇಳಿಕೊಂಡು, ಕಾಯಿಲೆ ಎಂದರೆ ಏನು ಎಂದು ಕಲಿತು ಹೋಗುವುದು. ಕಾಟ್ಪಾಡಿಯಲ್ಲಿ ಇಳಿದು ಅಲ್ಲಿಗೆ ಹೋಗಿಬಂದ ಕುಟುಂಬಗಳು ನಮ್ಮ ಕಡೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 1970ರ ದಶಕದಿಂದ ಕುಟುಂಬವನ್ನೇ ದಾಖಲು ಮಾಡಿಕೊಳ್ಳುವ ವಿಭಾಗ ಬೆಳೆಯಿತು. ಪಶ್ಚಿಮದಲ್ಲಿ ರೋಗಿಯನ್ನು ಮನೆಯಿಂದ ಬೇರ್ಪಡಿಸುವುದೇ ಶಾಸ್ತ್ರವಾಗಿದ್ದ ಕಾಲದಲ್ಲಿ ಇಲ್ಲಿನವರು ನರ್ಸುಗಳು ಸಾಲದೆ ಮನೆಯವರನ್ನು ಕರೆದರು, ಆಮೇಲೆ ಅದರಿಂದಲೇ ಗುಣ ಬೇಗ ಕಾಣುತ್ತದೆ ಎಂದು ಕಂಡುಕೊಂಡರು.

ಬೀದಿಯ ಹುಡುಗರ ಸಂಸ್ಥೆಗೆ ಈ ಅನುಕೂಲವಿಲ್ಲ. ಹುಡುಗ ಮನೆಯವರನ್ನು ಬಿಟ್ಟೇ ಬಂದಿದ್ದಾನೆ. ಊರು ಕೇಳಿದರೆ ಸುಳ್ಳು ಊರು ಹೇಳುತ್ತಾನೆ, ಅಪ್ಪ ಸತ್ತಿದ್ದಾನೆ ಎನ್ನುತ್ತಾನೆ. ಮಾತಿನ ಧಾಟಿಯಿಂದ ಸೀಮೆ ಗುರುತಿಸಬೇಕು. ‘ಎಲ್ಲಿಗಿ ಹೊಂಟಿದ್ದಿ’ ಎಂದರೆ ಯಾವ ಕಡೆ, ‘ಹೋಗಾಂಗಿಲ್ಲ’ ಎಂದರೆ ಯಾವ ಕಡೆ ಎಂಬ ಕಿವಿಯ ತಿಳಿವಳಿಕೆ ಇಂಥ ಕೆಲಸದಲ್ಲಿ ಎಂ.ಎಸ್.ಡಬ್ಲ್ಯು. ಪದವಿಯಷ್ಟೇ ಮುಖ್ಯ. ಹಳ್ಳಿಯ ಜಾತ್ರೆ ಯಾವುದು, ಬಸ್ಸು ಎಲ್ಲಿ ನಿಲ್ಲುತ್ತದೆ, ಶಾಲೆಯ ಹೆಡ್‌ಮಾಸ್ತರರ ಅಡ್ಡಹೆಸರೇನು ಎಂದು ಮಾತು ಎಳೆದು ಎಳೆದು ಊರು ಹಿಡಿಯಬೇಕು. ಆಮೇಲೆ ಒಂದು ಫೋನು. ಆ ಕಡೆ ಮೊದಲು ಮೌನ, ಬಳಿಕ ಅಳು, ಬಳಿಕ ಬೈಗುಳ. ಈ ಮೂರೂ ಆದ ಮೇಲೆಯೇ ಮಾತು.

ಈ ವಿಷಯದಲ್ಲಿ ನಮ್ಮ ನೆರೆಯ ರಾಯಚೂರಿನ ಹೆಸರು ಹೇಳಲೇಬೇಕು. 1992ರಲ್ಲಿ ಪ್ರಮೋದ್ ಕುಲಕರ್ಣಿಯವರು ರಾಯಚೂರು ನಿಲ್ದಾಣದ ಮಕ್ಕಳ ನಡುವೆ ಶುರು ಮಾಡಿದ ‘ಸಾಥಿ’ ಸಂಸ್ಥೆ ಕ್ರೈಸ್ತರದಲ್ಲ, ಯಾವ ಧರ್ಮದ್ದೂ ಅಲ್ಲ. ಓಡಿಬಂದ ಮಗುವನ್ನು ಹಾಸ್ಟೆಲ್ಲಿನಲ್ಲಿ ವರ್ಷಗಟ್ಟಲೆ ಇಡುವುದಕ್ಕಿಂತ, ಆದಷ್ಟು ಬೇಗ ಮನೆಗೆ ಸೇರಿಸುವುದೇ ಸೇವೆ ಎಂದು ಅವರು ವಾದಿಸಿದರು. ಬೀದಿಗೆ ಒಗ್ಗಿಹೋದ ಹುಡುಗರಿಗಾಗಿ ಕೆಲವು ವಾರಗಳ ಶಿಬಿರ ನಡೆಸಿ, ಕೊನೆಯ ದಿನ ಅಪ್ಪ ಅವ್ವಂದಿರನ್ನು ಅಲ್ಲಿಗೇ ಕರೆಸಿ ಮಕ್ಕಳನ್ನು ಒಪ್ಪಿಸುವ ಪದ್ಧತಿ ತಂದರು. ವಸತಿ ನಿಲಯ ಕಟ್ಟಿದವರಿಗೆ ಇದು ಮೊದಲು ಚುಚ್ಚಿದ ಮಾತಾಗಿದ್ದರೂ ಆಶ್ಚರ್ಯವಿಲ್ಲ. ದಾನಿಗಳಿಗೆ ಕಟ್ಟಡ ಕಾಣುತ್ತದೆ, ಸಾಲಾಗಿ ಕುಳಿತು ಉಣ್ಣುವ ಮಕ್ಕಳು ಕಾಣುತ್ತಾರೆ. ಸಿಂದಗಿಯ ಬಸ್ಸಿನಲ್ಲಿ ಹುಡುಗನ ಪಕ್ಕ ಕುಳಿತು ಊರಿಗೆ ಹೋಗುತ್ತಿರುವ ಕಾರ್ಯಕರ್ತ ಯಾರ ಫೋಟೊದಲ್ಲೂ ಸಿಗುವುದಿಲ್ಲ. ಆದರೂ ಮಕ್ಕಳನ್ನು ಮನೆಗೆ ಮರಳಿಸುವ ಕೆಲಸವನ್ನು ಬಾಸ್ಕೊ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಇಟ್ಟುಕೊಂಡಿತು.

ಕಾನೂನು ನಿಧಾನವಾಗಿ ಅದೇ ದಿಕ್ಕಿಗೆ ಬಂತು. 1986ರ ಬಾಲ ನ್ಯಾಯ ಕಾಯ್ದೆ, 2000ದ ಕಾಯ್ದೆ, 2015ರ ಕಾಯ್ದೆ. ಈಗ ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಂಸ್ಥೆ ನೋಂದಣಿಯಾಗಿರಬೇಕು. ಪ್ರತಿ ಮಗುವಿಗೂ ಪ್ರತ್ಯೇಕ ಆರೈಕೆಯ ಯೋಜನೆ ಬರೆಯಬೇಕು. ವಸತಿಯಲ್ಲಿ ಇಡುವುದು ಕಟ್ಟಕಡೆಯ ಉಪಾಯವಾಗಿರಬೇಕು. ‘ಪಾದ್ರಿಯವರು ಒಳ್ಳೆಯವರು’ ಎಂಬುದೊಂದೇ ಆಧಾರದ ಮೇಲೆ ನಡೆಯುತ್ತಿದ್ದ ಕಾಲ ಮುಗಿಯಿತು. ಅದು ಒಳ್ಳೆಯದೇ ಆಯಿತು. 1996ರಲ್ಲಿ ಮುಂಬೈಯಲ್ಲಿ ಹುಟ್ಟಿದ 1098 ಸಹಾಯವಾಣಿ ಬೆಂಗಳೂರಿಗೂ ಬಂದಾಗ ಬಾಸ್ಕೊ ಅದರಲ್ಲಿ ಕೈಜೋಡಿಸಿತು. 2023ರಲ್ಲಿ ಆ ಸೇವೆ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಹೋಯಿತು.

ಸಲೇಸಿಯನ್ನರು ರೈಲಿನ ಕೊನೆಯ ನಿಲ್ದಾಣದಿಂದ ಹಳಿಯ ಮೇಲೆ ಹಿಂದಕ್ಕೆ ನಡೆದು ನಮ್ಮ ಕಡೆಗೂ ಬಂದರು. ಅವರ ಪ್ರಾಂತ್ಯದ ಬ್ರೆಡ್ಸ್ ಸಂಸ್ಥೆ ಉತ್ತರ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳ ಹಕ್ಕುಗಳ ಸಂಘಗಳನ್ನು ಕಟ್ಟಿತು. ಯಾದಗಿರಿಯಲ್ಲಿ ಡಾನ್ ಬಾಸ್ಕೊ ಕೇಂದ್ರವಿದೆ. ಹುಡುಗ ಮೆಜೆಸ್ಟಿಕ್ಕಿಗೆ ಮುಟ್ಟಿದ ಮೇಲೆ ಹಿಡಿಯುವುದಕ್ಕಿಂತ ಅವನು ಟಂಟಂ ಹತ್ತುವ ಮೊದಲೇ ಮಾತಾಡಿಸುವುದು ಲೇಸು ಎಂಬ ಲೆಕ್ಕ. ಡಾನ್ ಬಾಸ್ಕೊ 1877ರಲ್ಲಿ ಬರೆದದ್ದೂ ಅದನ್ನೇ. ಆ ಬರಹಕ್ಕೆ ಬೆಂಗಳೂರಿನ ಯಾವ ನಿಲಯಕ್ಕಿಂತಲೂ ಈ ಸಂಘಗಳೇ ಹತ್ತಿರ ಎಂದು ನಾನು ತಿಳಿದಿದ್ದೇನೆ.

ಆದರೆ ಮನೆಗೆ ಮರಳಿಸುವ ಕೆಲಸದ ನಿಜವಾದ ಕಷ್ಟ ಮನೆ ಮುಟ್ಟಿದ ಮೇಲೆಯೇ ಶುರುವಾಗುತ್ತದೆ. ಹುಡುಗನನ್ನು ಕರೆದುಕೊಂಡು ಬಂದಾಗ ಓಣಿಯ ಜನರೆಲ್ಲ ಕೂಡುತ್ತಾರೆ. ಅವ್ವ ದೃಷ್ಟಿ ತೆಗೆಯುತ್ತಾಳೆ. ಮುತ್ಯಾ ‘ಇನ್ನ ಮ್ಯಾಲೆ ಹಂಗ ಮಾಡಬ್ಯಾಡಪಾ’ ಎನ್ನುತ್ತಾನೆ. ವಾರದ ಮೇಲೆ ಅದೇ ಕುಡಿತ, ಅದೇ ಸಾಲ, ಶಾಲೆಯಲ್ಲಿ ‘ಓಡಿಹೋಗಿದ್ದವ’ ಎಂಬ ಹೊಸ ಹೆಸರು. ಸೊಲ್ಯೂಷನ್ ರೂಢಿಯಾದ ಹುಡುಗನ ಸಿಡಿಮಿಡಿಯನ್ನು ಮನೆಯವರು ದೆವ್ವ ಎನ್ನುತ್ತಾರೆ, ಇಲ್ಲವೇ ಸೊಕ್ಕು ಎನ್ನುತ್ತಾರೆ. ಬೆಂಗಳೂರಿನ ಆಪ್ತಸಮಾಲೋಚಕರು ಪ್ರತಿ ತಿಂಗಳು ಐದು ನೂರು ಕಿಲೋಮೀಟರಿನ ಆಸುಪಾಸು ದೂರ ಬರಲಾರರು. ಫೋನಿನಲ್ಲಿ ‘ಆರಾಮ ಅದಾನ್ರಿ’ ಎಂಬ ಒಂದು ಉತ್ತರಕ್ಕೆ ಅವರು ತೃಪ್ತರಾಗಬೇಕು. ಕುಡಿಯುವ ತಂದೆಗೆ ಚಿಕಿತ್ಸೆಯಾಗದೆ ಓಡುವ ಮಗನಿಗೆ ಚಿಕಿತ್ಸೆಯಿಲ್ಲ. ಆ ತಂದೆಯನ್ನು ಚಾಮರಾಜಪೇಟೆಯ ಯಾವ ನಿಲಯವೂ ದಾಖಲು ಮಾಡಿಕೊಳ್ಳದು.

ಇದಕ್ಕೆ ದಾರಿ ಹತ್ತಿರದಲ್ಲೇ ಇದೆ, ಬಳಸುವವರು ಕಡಿಮೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ದೇಶಕ್ಕೆ ಮಾದರಿ ತೋರಿಸಿತು. ಈಗ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಪಾದ್ರಿಯ ಕಾರ್ಯಕರ್ತ, ಆಶಾ ಕಾರ್ಯಕರ್ತೆ, ಶಾಲೆಯ ಮಾಸ್ತರ ಮೂವರೂ ಒಂದೇ ಮನೆಯ ಹೆಸರನ್ನು ತಂತಮ್ಮ ರಿಜಿಸ್ಟರಿನಲ್ಲಿ ಬರೆದಿರುತ್ತಾರೆ. ಒಬ್ಬರ ರಿಜಿಸ್ಟರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮುಂದಿನ ವರ್ಷಗಳಲ್ಲಿ ಬಾಸ್ಕೊ ಹೊಸ ಕಟ್ಟಡವೊಂದನ್ನು ಕಟ್ಟುವ ಬದಲು ಈ ಮೂವರನ್ನು ತಿಂಗಳಿಗೊಮ್ಮೆ ಒಂದೇ ಮೇಜಿಗೆ ತರುವ ಒಬ್ಬ ಮನುಷ್ಯನನ್ನು ಸುರಪುರದಲ್ಲಿ, ಒಬ್ಬನನ್ನು ಶಹಾಪುರದಲ್ಲಿ ಕೂರಿಸಿದರೆ ಅದರ ಖರ್ಚು ಒಂದು ಅಡುಗೆಮನೆಯ ಖರ್ಚಿಗಿಂತ ಕಡಿಮೆಯಾದೀತು.

ಇನ್ನೊಂದು ಬೇಡಿಕೆ ಸಂಸ್ಥೆಗಲ್ಲ, ನಮಗೇ. 2006ರಿಂದ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶವಿದೆ. ನವೆಂಬರಿನ ಹೊತ್ತಿಗೆ ಪಂಚಾಯಿತಿಯಲ್ಲಿ ಬಾಳೆಹಣ್ಣು ಹಂಚಿ, ಒಂದು ಹಾಡು ಹಾಡಿಸಿ ಮುಗಿಸುವುದು ಬಹಳ ಕಡೆಯ ರೂಢಿ. ಶಾಲೆಯ ಮಕ್ಕಳ ಸಂಘದವರು ಅಲ್ಲಿ ಎದ್ದು ನಿಂತು, ಗುಳೆ ಹೋಗುವ ಮನೆಗಳ ಪಟ್ಟಿ ಮಾಡಿ, ಊರಿನಲ್ಲಿ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ಶಾಲೆ ತೆರೆಯಿರಿ ಎಂದು ಕೇಳಬೇಕು. ಸರ್ವ ಶಿಕ್ಷಣ ಅಭಿಯಾನದ ಕಾಲದಿಂದಲೂ ಅಂಥ ವಸತಿಗೆ ಅವಕಾಶವಿದೆ. ತೆರೆಯುವುದು ಮಾತ್ರ ಅಪ್ಪ ಅವ್ವಂದಿರು ಬಸ್ಸು ಹತ್ತಿ ಹೋದ ಎಷ್ಟೋ ದಿನಗಳ ಮೇಲೆ. ಸುಗ್ಗಿ ಮುಗಿದು ಮೊದಲ ಬಸ್ಸು ಹೊರಡುವ ಹಿಂದಿನ ವಾರವೇ ಅದರ ಬಾಗಿಲು ತೆರೆದಿರಬೇಕು, ಅಡುಗೆಯವಳಿಗೆ ಸಂಬಳ ಮಂಜೂರಾಗಿರಬೇಕು, ಮಕ್ಕಳನ್ನು ಅಪ್ಪ ಅವ್ವನೇ ಕೈಹಿಡಿದು ಒಳಗೆ ಬಿಟ್ಟು ಹೋಗುವಂತಾಗಬೇಕು.